ಹುಳುವಿನ ಗುಂಡಿಗಿಳಿದ ಕರಡಿಗೆ

ಮಗನನ್ನು ಮಣ್ಣು ಮಾಡಿ ಹನ್ನೊಂದು ದಿನವಾಗಿತ್ತು. ಶನಿವಾರ ಬೆಳಿಗ್ಗೆ ಶಾಂತಮಲ್ಲಪ್ಪನು ಸ್ನಾನ ಮಾಡಿ, ವಿಭೂತಿ ಧರಿಸಿ, ತನ್ನ ಲಿಂಗಪೂಜೆ ಮುಗಿಸಿ, ದೇವರ ಪಟದ ಮುಂದಿದ್ದ ಮಗನ ಕರಡಿಗೆಯನ್ನು ಕೈಗೆ ತೆಗೆದುಕೊಂಡನು. ಮರಿಮಲ್ಲಪ್ಪ ಬದುಕಿದ್ದಾಗ ಆ ಬೆಳ್ಳಿಯ ಕರಡಿಗೆಯೊಳಗೆ ಅವನ ಇಷ್ಟಲಿಂಗವಿತ್ತು. ಶಿವದಾರದಲ್ಲಿ ಅವನ ಎದೆಯ ಮೇಲೆ ತೂಗುತ್ತಿತ್ತು. ಲಿಂಗವು ಮಗನ ಅಂಗೈಯಲ್ಲೇ ಮಣ್ಣಿಗೆ ಹೋಯಿತು. ಕರಡಿಗೆ ಮನೆಯಲ್ಲಿ ಉಳಿಯಿತು.

"ಬಸಮ್ಮಿ, ಇದನ್ನ ನೀನೇನಾರ ಉಜ್ಜಿದ್ಯಾ?" ಎಂದು ಹೆಂಡತಿಯನ್ನು ಕೇಳಿದನು.

ಪುಟ್ಟಬಸಮ್ಮ ಒಲೆಯ ಮುಂದಿನಿಂದ ತಲೆ ಎತ್ತಲಿಲ್ಲ. "ನಾನ್ಯಾಕೆ ಮುಟ್ಲಿ? ಮಣ್ಣು ಮಾಡಿದ್ ದಿವ್ಸ ನೀವೇ ಉಜ್ಜಿ ಮಡಗಿದ್ರಲ್ಲ."

"ಮತ್ತೆ ಇದ್ಯಾಕೆ ಕಪ್ಪಾಗಿಲ್ಲ?"

ಅವಳು ಒಲೆಗೆ ಇನ್ನೊಂದು ಸೌದೆ ತುರುಕಿದಳು. ಆ ಪ್ರಶ್ನೆಯ ಹಿಂದೆ ಎರಡು ವರ್ಷದ ಜಗಳವಿತ್ತೆಂಬುದು ಅವಳಿಗೆ ಗೊತ್ತಿತ್ತು.

ಮರಿಮಲ್ಲಪ್ಪ ಬದನಗುಪ್ಪೆಯಿಂದ ದಿನವೂ ಸೈಕಲ್ಲಿನಲ್ಲಿ ಚಾಮರಾಜನಗರಕ್ಕೆ ಹೋಗಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದನು. ಅಲ್ಲಿ ಹೆಂಗಸರು ಗೂಡುಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಬೇಯಿಸಿ ಎಳೆ ತೆಗೆಯುವರು. ಎಳೆ ತೆಗೆದ ಮೇಲೆ ಉಳಿದ ಸತ್ತ ಹುಳುಗಳೂ ಹೊಲಸು ನೀರೂ ಹಿತ್ತಲಿನ ಗುಂಡಿಗೆ ಹರಿದುಹೋಗುವುವು. ಎರಡಾಳು ಆಳದ ಆ ಗುಂಡಿಯ ಮೇಲೆ ಕಲ್ಲುಚಪ್ಪಡಿ ಮುಚ್ಚಿತ್ತು. ಆ ಮೋರಿ, ಆ ಗುಂಡಿ, ಎರಡರ ಉಸ್ತುವಾರಿ ಮರಿಮಲ್ಲಪ್ಪನದು.

ಕೆಲಸಕ್ಕೆ ಸೇರಿದ ತಿಂಗಳಲ್ಲೇ ಅವನ ಕರಡಿಗೆ ಕಪ್ಪಾಗತೊಡಗಿತು. ಸಂಜೆ ಮಗ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕುಳಿತರೆ, ಬರಿದಾದ ಕರಡಿಗೆಯನ್ನು ಶಾಂತಮಲ್ಲಪ್ಪ ಹುಣಿಸೆಹಣ್ಣು ಹಚ್ಚಿ ಬೂದಿಯಿಂದ ಉಜ್ಜುವನು. ಫಳಫಳ ಹೊಳೆಯುವುದು. ದಿನ ಬಿಟ್ಟು ದಿನಕ್ಕೆ ಮತ್ತೆ ಇದ್ದಿಲಿನ ಬಣ್ಣ. ಮನೆತನದಲ್ಲಿ ಯಾರ ಕರಡಿಗೆಯೂ ಹೀಗೆ ಆದದ್ದಿಲ್ಲ. ಮಗ ನೇಮ ತಪ್ಪಿದ್ದಾನೆ, ಪೇಟೆಯ ಹೋಟಲಿನಲ್ಲಿ ತಿನ್ನಬಾರದ್ದನ್ನು ತಿಂದಿದ್ದಾನೆ ಎಂದು ತಂದೆ ನಂಬಿದನು.

"ಅಪ್ಪಾಜಿ, ಕಾರ್ಖಾನೆ ಗಾಳಿಗೇ ಇರ್ಬೋದು ಕಣಪ್ಪ," ಎಂದು ಮಗ ಒಮ್ಮೆ ಹೇಳಿದ್ದನು.

"ಗಾಳಿ ಮೇಲೆ ಹೇಳ್ಬೇಡ ಕಣ್ಲಾ. ಒಳಗಿರೋದು ಹೊರಕ್ಕೆ ಬತ್ತದೆ. ಕರಡಿಗೆ ಬೆಳ್ಳಗಾಗೋಗಂಟ ಸೋಮವಾರ ಸೋಮವಾರ ಉಪವಾಸ ಇರು."

ಮಗ ಎದುರಾಡಲಿಲ್ಲ. ಒಂದು ವರ್ಷ ಎಲ್ಲಾ ಸೋಮವಾರವೂ ನೀರು ಕುಡಿದು ಕೆಲಸಕ್ಕೆ ಹೋದನು. ಸತ್ತದ್ದೂ ಸೋಮವಾರವೇ. ಹದಿನೈದು ದಿನಕ್ಕೊಮ್ಮೆ ಗುಂಡಿ ಬಳಿಯುವ ಸರದಿ ಅಂದು. ಒಳಗೆ ಇಳಿದಿದ್ದ ಪುಟ್ಟಮಾದು ಎಂಬ ಆಳು ಕೂಗದೆ ಕುಸಿದುಬಿದ್ದನು. ಮೇಲೆ ಇತರ ಆಳುಗಳ ಜೊತೆ ಕೆಸರಿನ ಮಂಕರಿಯ ಹಗ್ಗ ಹಿಡಿದಿದ್ದ ಮರಿಮಲ್ಲಪ್ಪ ಧುಮುಕಿ, ಅವನ ಕಂಕುಳಿಗೆ ಹಗ್ಗ ಬಿಗಿದು ಎಳೆಯಿರೆಂದು ಕೂಗಿದನು. ಪುಟ್ಟಮಾದು ಮೇಲೆ ಬಂದನು. ಅವನ ಮೈಯಿಂದ ಹಗ್ಗ ಬಿಚ್ಚಿ ಮತ್ತೆ ಇಳಿಬಿಡುವಷ್ಟರಲ್ಲಿ ಕೆಳಗೆ ಅದನ್ನು ಹಿಡಿಯುವ ಕೈ ಇರಲಿಲ್ಲ.

ಹೆಣ ಮನೆಗೆ ಬಂದಾಗ ಕರಡಿಗೆ ಕಾಡಿಗೆಯಂತಿತ್ತು. ಶಾಂತಮಲ್ಲಪ್ಪನ ಕೈ ಅಭ್ಯಾಸದಿಂದ ಅದನ್ನೂ ಉಜ್ಜಿತು. ಅಂದಿನಿಂದ ಅದು ಬೆಳ್ಳಗೇ ಇದೆ. ಈ ಬಿಳುಪು ಪಾಪ ಮಾಡಿದವನು ಹೋದನೆಂದು ಬಂದದ್ದೇ? ಅಥವಾ ಕರಡಿಗೆ ಗುಂಡಿಯ ಹತ್ತಿರ ಹೋಗುವುದು ನಿಂತಿತೆಂದು ಬಂದದ್ದೇ? ಈ ಯೋಚನೆ ಒಂದು ವಾರದಿಂದ ಅವನನ್ನು ಊಟಕ್ಕೆ ಕೂರಲು ಬಿಟ್ಟಿರಲಿಲ್ಲ. ಕರಡಿಗೆಯನ್ನು ಪಂಚೆಯ ಅಂಚಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದನು.

ಅದನ್ನು ಮಾಡಿಕೊಟ್ಟ ಅಕ್ಕಸಾಲಿ ಪುಟ್ಟಾಚಾರಿಯ ಅಂಗಡಿ ಗುಂಡ್ಲುಪೇಟೆಯಲ್ಲಿತ್ತು. ಶಾಂತಮಲ್ಲಪ್ಪ ಜಗುಲಿ ಹತ್ತುತ್ತಲೇ ಕೇಳಿದನು.

"ಆಚಾರ್ರೆ, ಇದಕ್ಕೇನಾರ ಬೆರಕೆ ಹಾಕಿದ್ದೀರಾ? ನಿಜ ಯೋಳಿ, ಬೈಯಾಕಿಲ್ಲ."

ಪುಟ್ಟಾಚಾರಿಗೆ ಕೋಪ ಬಂತು. "ಲಿಂಗ ಮಡಗೋ ಬೆಳ್ಳಿಗೆ ಬೆರಕೆ ಹಾಕಿದ್ರೆ ನನ್ ಕಣ್ಣಿಂಗೋಗ್ಲಿ! ಯಾರು ಯೋಳ್ದೋರು?" ಎಂದು ಕರಡಿಗೆಯನ್ನು ಕಸಿದು ಒರೆಗಲ್ಲಿಗೆ ತಿಕ್ಕಿ ಮುಖದ ಮುಂದೆ ಹಿಡಿದನು. "ನೋಡ್ಕಳಿ. ಅಪ್ಪಟ."

ಶಾಂತಮಲ್ಲಪ್ಪ ನಡೆದದ್ದನ್ನೆಲ್ಲ ಹೇಳಿದನು. ಅಕ್ಕಸಾಲಿಯ ಕೋಪ ಇಳಿಯಿತು. ಅವನು ಎದ್ದು ಮೂಲೆಯಲ್ಲಿದ್ದ ಮಣ್ಣಿನ ಕುಡಿಕೆ ತಂದನು. ಗೆಜ್ಜೆಯ ಮೇಲಿನ ಹೂವಿನ ಗೆರೆಗಳು ಕಪ್ಪಾಗಿ ಎದ್ದು ಕಾಣಲೆಂದು ಅಕ್ಕಸಾಲಿಗಳು ಗಂಧಕವನ್ನೂ ಸುಣ್ಣವನ್ನೂ ಕುದಿಸಿ ಇಡುವ ನೀರು ಅದು. ಅದಕ್ಕೆ ನಾಲ್ಕು ತೊಟ್ಟು ನಿಂಬೆರಸ ಹಿಂಡಿ, ಬೆಳ್ಳಿಯ ತಂತಿಯೊಂದನ್ನು ನೀರಿಗೆ ತಾಗದಂತೆ ಮೇಲೆ ಹಿಡಿದನು.

"ಉಸಿರು ದೂರ ಇಟ್ಕಳಿ ಶಾಂತಮಲ್ಲಪ್ಪೋರೆ. ತಂತಿ ನೋಡಿ."

ತಂತಿ ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಆಮೇಲೆ ಕಂದಾಯಿತು. ನೋಡುತ್ತಿದ್ದಂತೆ ಕಪ್ಪಾಯಿತು. ಅಷ್ಟರಲ್ಲಿ ವಾಸನೆಯೂ ಬಂತು. ಶಾಂತಮಲ್ಲಪ್ಪನಿಗೆ ಅದು ಹೊಸದಲ್ಲ. ಎರಡು ವರ್ಷ ಮಗನ ಅಂಗಿಯಲ್ಲಿ, ತಲೆಗೂದಲಿನಲ್ಲಿ ಬರುತ್ತಿದ್ದ ವಾಸನೆಯೇ.

"ಕೊಳೆತ ಹುಳಿನ ಗುಂಡೀಲೂ ಈ ಗಾಳೀನೇ ಇರ್ತದೆ," ಎಂದನು ಪುಟ್ಟಾಚಾರಿ. "ಬೆಳ್ಳಿಗೆ ಮೊದ್ಲು ಗೊತ್ತಾಯ್ತದೆ. ಆಮೇಲೆ ಮನುಷ್ಯಂಗೆ. ಜಾಸ್ತಿ ಆದ್ರೆ ಮೂಗಿಗೆ ವಾಸ್ನೇನೂ ಗೊತ್ತಾಗಲ್ಲ ಅಂತ ನಮ್ಮಪ್ಪ ಯೋಳೋನು. ನಿಮ್ ಮಗ ಏನೂ ತಪ್ಪು ತಿಂದಿಲ್ಲ, ಬುಡಿ."

ಶಾಂತಮಲ್ಲಪ್ಪ ಜಗುಲಿಯ ಕಂಬಕ್ಕೆ ಒರಗಿ ಕುಳಿತುಬಿಟ್ಟನು. ಶಿವನು ದಿನ ಬಿಟ್ಟು ದಿನ ಅವನ ಕೈಗೇ ಎಚ್ಚರಿಕೆ ಕಳುಹಿಸಿದ್ದನು. ದಿನ ಬಿಟ್ಟು ದಿನ ಅವನು ಅದನ್ನು ಭಕ್ತಿಯಿಂದ ಉಜ್ಜಿ ಅಳಿಸಿದ್ದನು. ಅಳಿಸಿದ್ದು ಸಾಲದೆಂದು ಮಗನನ್ನು ಹಸಿವಿನಲ್ಲಿ ಕೆಡವಿದ್ದನು.

ಕರಡಿಗೆಯನ್ನು ಮತ್ತೆ ಪಂಚೆಗೆ ಕಟ್ಟಿಕೊಂಡು ಅವನು ಎದ್ದನು. "ನಾಳಿದ್ದು ಸೋಮವಾರ," ಎಂದನು. "ಗುಂಡಿ ಬಳಿಯೋ ದಿವ್ಸ."

ಭಾನುವಾರ ನಡುಹಗಲಿನಲ್ಲಿ ಅವನು ಚಾಮರಾಜನಗರದ ಹೊರಗಿದ್ದ ಪುಟ್ಟಮಾದುವಿನ ಕೇರಿಗೆ ಹೋದನು. ಅರವತ್ತು ವರ್ಷದಲ್ಲಿ ಅವನು ಅಂಥ ಯಾವ ಕೇರಿಯೊಳಗೂ ಕಾಲಿಟ್ಟವನಲ್ಲ. ಅವನ ತಂದೆಯೂ ಇಟ್ಟವನಲ್ಲ. ವಿಭೂತಿಯ ಹಣೆಯ ಮುದುಕನನ್ನು ಕಂಡು ಜನ ದಾರಿಯ ಎರಡು ಕಡೆಗೂ ಸರಿದು ನಿಂತರು. ಪುಟ್ಟಮಾದುವಿನ ತಾಯಿ ಚಿಕ್ಕನಿಂಗಮ್ಮ ಅದೇ ಕಾರ್ಖಾನೆಯಲ್ಲಿ ನೂಲು ತೆಗೆಯುವವಳು. ಬಿಸಿನೀರಿನಲ್ಲಿ ಬೆಂದು ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದುವು. ಅವಳು ಓಡಿಬಂದಳು.

"ಬುದ್ಧಿ, ನೀವ್ಯಾಕ್ ಬಂದ್ರಿ ಇಲ್ಲಿಗಂಟ? ಯೋಳಿ ಕಳ್ಸಿದ್ರೆ ನಾವೇ ಬತ್ತಿದ್ವಲ್ಲ."

ಅವಳ ಹಿಂದೆ ಪುಟ್ಟಮಾದು ಬಂದು ನೆಲ ನೋಡುತ್ತ ನಿಂತನು. ಇಪ್ಪತ್ತೈದು ವರ್ಷದ ಗಟ್ಟಿಗ. ಆದರೆ ಆ ದಿನದಿಂದ ಕೆಮ್ಮು ಬಿಟ್ಟಿರಲಿಲ್ಲ. "ನನ್ನಿಂದ್ಲೇ ಆಗೋಯ್ತು ಬುದ್ಧಿ. ನಾನೇ ಸಾಯ್ಬೇಕಿತ್ತು," ಎಂದನು.

"ಬಾಯ್ಮುಚ್ಚು. ನೀನೂ ಸತ್ತಿದ್ರೆ ನನ್ ಮಗ ಸುಮ್ಸುಮ್ಕೆ ಸತ್ತಂಗಾಗೋದು. ನಾಳೆ ಇಳೀತೀಯಾ?"

"ಇಳೀಬೇಕಂತೆ ಬುದ್ಧಿ. ಇಲ್ದಿದ್ರೆ ನನ್ನೂ ಅವ್ವನ್ನೂ ಕೆಲ್ಸದಿಂದ ತೆಗೀತಾರಂತೆ."

"ಇಳಿಯೋಕ್ ಮೊದ್ಲು ಚಪ್ಪಡಿ ತೆಗ್ದು ಎಷ್ಟೊತ್ತು ಬುಡ್ತೀರಿ?"

ಚಿಕ್ಕನಿಂಗಮ್ಮ ಕಹಿಯಾಗಿ ನಕ್ಕಳು. "ಎಲ್ಲಿ ಬುಡ್ತಾರೆ? ವಾಸ್ನೆ ಬೀದಿಗೋಯ್ತದೆ, ಗಿರಾಕಿಗೋಳು ಮೂಗ್ ಮುಚ್ಕತಾರೆ ಅಂತ ಮೇನೇಜರ್ರು ಕುಣೀತಾರೆ. ಚಪ್ಪಡಿ ತೆಗೀ, ಇಳಿ, ಬಳಿ, ಮುಚ್ಚು. ಅಷ್ಟೇಯ."

ಶಾಂತಮಲ್ಲಪ್ಪ ಅಕ್ಕಸಾಲಿ ತೋರಿಸಿದ್ದನ್ನು ಹೇಳಿದನು. ತಾನು ಉಜ್ಜಿದ್ದನ್ನೂ ಮರೆಮಾಚದೆ ಹೇಳಿದನು. ಕೇಳಿ ಚಿಕ್ಕನಿಂಗಮ್ಮ ತನ್ನ ಕಾಲಿನ ಬೆಳ್ಳಿಯ ಕಡಗವನ್ನು ಒಮ್ಮೆ ನೋಡಿಕೊಂಡಳು. ಕಾರ್ಖಾನೆಯಲ್ಲಿ ಮೋರಿಯ ಪಕ್ಕದ ತೊಟ್ಟಿ ಅವಳದು. ಕಡಗ ಕರ್ರಗಿತ್ತು. ಬಡವರ ಬೆಳ್ಳಿ, ಹೀಗೇ ಇರುವುದೆಂದು ಅವಳು ತಿಳಿದಿದ್ದಳು.

ಸೋಮವಾರ ಏಳು ಗಂಟೆಗೆ ಕಾರ್ಖಾನೆಯ ಹಿತ್ತಲಿನಲ್ಲಿ ಮೂವರು ಆಳುಗಳು ಹಾರೆ ಹಾಕಿ ಚಪ್ಪಡಿಯನ್ನು ಸರಿಸಿದರು. ಪುಟ್ಟಮಾದು ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿದ್ದಾಗ ಶಾಂತಮಲ್ಲಪ್ಪ ಬಂದನು. ಬಂದವನೇ ಕರಡಿಗೆಯನ್ನು ಉದ್ದನೆಯ ಹುರಿಗೆ ಕಟ್ಟಿ ಗುಂಡಿಯೊಳಗೆ ಇಳಿಬಿಟ್ಟನು. ಹುರಿಯ ಇನ್ನೊಂದು ತುದಿಯನ್ನು ಬೆರಳಿಗೆ ಸುತ್ತಿ, ಗುಂಡಿಯ ಬಾಯಿಗೆ ಅಡ್ಡಲಾಗಿ, ಏಣಿಯ ತಲೆಯ ಮೇಲೆಯೇ ಕಾಲಿಟ್ಟು ಕುಳಿತನು. ಅವನನ್ನು ದಾಟದೆ ಯಾರೂ ಇಳಿಯುವಂತಿರಲಿಲ್ಲ.

ಸುದ್ದಿ ತಿಳಿದು ಮೇನೇಜರು ಚಿಕ್ಕಮಲ್ಲಪ್ಪನು ಬಂದನು. ಶಾಂತಮಲ್ಲಪ್ಪನ ಜಾತಿಯವನೇ, ದೂರದ ನೆಂಟ. ಮರಿಮಲ್ಲಪ್ಪನ ಮಣ್ಣಿಗೂ ಬಂದು ಎಲ್ಲರಿಗಿಂತ ಜೋರಾಗಿ ಅತ್ತಿದ್ದನು.

"ಏನ್ ಮಾವ ಇದು? ದುಃಖ ನಮಗೂ ಅದೆ. ಅಂತ ಇಲ್ಲಿ ಬಂದು ಕೂತ್ಕಂಡ್ರೆ ಕೆಲ್ಸ ಆಗ್ಬೇಡ್ವಾ? ಏಳಿ, ಆಫೀಸ್ಗೆ ಬನ್ನಿ, ಕಾಪಿ ತರ್ಸ್ತೀನಿ."

"ಸೋಮವಾರ. ಕಾಪಿ ಕುಡಿಯಾಕಿಲ್ಲ."

"ಅದಕ್ಕೇ ಯೋಳೋದು. ಮರಿಮಲ್ಲನೂ ಹಿಂಗೇ ಉಪವಾಸ ಬಿದ್ದು ನಿತ್ರಾಣ ಆಗಿದ್ದ. ತಲೆ ಸುತ್ತಿ ಬಿದ್ದ. ನಾನು ಮೈಸೂರಲ್ಲಿರೋ ಯಜಮಾನ್ರಿಗೂ ಹಂಗೇ ಬರ್ದು ಕಳ್ಸಿದ್ದೀನಿ. ಕಾರ್ಖಾನೆ ಏನ್ ಮಾಡ್ತದೆ ಅದಕ್ಕೆ?"

ಆ ಮಾತು ಶಾಂತಮಲ್ಲಪ್ಪನಿಗೆ ತಾಕಬೇಕಾದ ಕಡೆಯೇ ತಾಕಿತು. ಆದರೆ ಅವನು ಏಳಲಿಲ್ಲ.

"ಉಪವಾಸ ನಾನು ಹಾಕ್ದೋನು. ಆ ಪಾಪಕ್ಕೆ ಶಿವನ ಮುಂದೆ ನಾನು ಉತ್ತರ ಯೋಳ್ಕತೀನಿ. ಪುಟ್ಟಮಾದು ಹೊಟ್ಟೆ ತುಂಬಾ ಮುದ್ದೆ ಉಂಡಿದ್ದ. ಅವನ್ಯಾಕ್ ಬಿದ್ದ, ಅದನ್ನ ನೀನು ಯೋಳು. ಇಲ್ಲ, ಇವತ್ತು ನಾನೂ ಉಪವಾಸ, ನನ್ನ ಇಳ್ಸು. ಚಪ್ಪಡಿ ಮುಚ್ಚು. ಉಪವಾಸಕ್ಕೆ ಸಾಯ್ತೀನಾ ಗಾಳಿಗೆ ಸಾಯ್ತೀನಾ, ಕೂತ್ಕಂಡ್ ನೋಡು."

ಚಿಕ್ಕಮಲ್ಲಪ್ಪನ ಮುಖದ ಮೇಲಿನ ನೆಂಟಸ್ತನ ಹೋಯಿತು. "ಬುದ್ಧಿವಂತ್ರಾಗಿ ಮಾತಾಡಿ!"

"ಬುದ್ಧಿ ಬಂದು ಎರಡು ದಿವ್ಸ ಆಯ್ತು ಕಣಪ್ಪ. ಮೊದ್ಲೇ ಬಂದಿದ್ರೆ ಮಗ ಇರೋನು."

ಹೀಗೆ ಹೇಳಿ ಅವನು ಹುರಿಯನ್ನು ಎಳೆದನು. ಕರಡಿಗೆ ಬಿಸಿಲಿಗೆ ಬಂತು. ಬೆಳಿಗ್ಗೆ ಕನ್ನಡಿಯಂತಿದ್ದದ್ದು ಇದ್ದಿಲಾಗಿತ್ತು. ನೂಲು ತೆಗೆಯುವ ಮನೆಯ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು, ಈಗ ಅಂಗಳಕ್ಕೇ ಇಳಿದಿದ್ದರು.

"ಮಸಿ ಬಳ್ಕಂಡ್ ತಂದು ನಾಟ್ಕ ಆಡ್ತಾರೆ," ಎಂದನು ಮೇನೇಜರು ಹೆಂಗಸರ ಕಡೆಗೆ ತಿರುಗಿ. "ಹೋಗ್ರಮ್ಮಾ ಒಳಕ್ಕೆ, ಗೂಡು ಬೆಂದೋಯ್ತವೆ."

ಶಾಂತಮಲ್ಲಪ್ಪ ಜೇಬಿನ ಪೊಟ್ಟಣದಿಂದ ಬೂದಿ ತೆಗೆದು, ಎಲ್ಲರ ಕಣ್ಣೆದುರಿಗೆ ಉಜ್ಜಿ ಕರಡಿಗೆಯನ್ನು ಬೆಳ್ಳಗೆ ಮಾಡಿದನು. ಆಮೇಲೆ ಕೈ ಚಾಚಿದನು.

"ನಂದು ಬ್ಯಾಡ. ನಿನ್ ಕೊರಳಲ್ಲೂ ಬೆಳ್ಳಿ ಕರಡಿಗೆ ಅದೆ. ಲಿಂಗ ಅಂಗೈಲಿ ಇಟ್ಕ, ಬರೀ ಕರಡಿಗೆ ಕೊಡು. ನಿಂದನ್ನ ಇಳ್ಸನ."

ಚಿಕ್ಕಮಲ್ಲಪ್ಪನ ಕೈ ತಾನಾಗಿ ಅಂಗಿಯೊಳಗಿನ ಕರಡಿಗೆಯನ್ನು ಮುಚ್ಚಿ ಹಿಡಿಯಿತು. "ಆ ಹೊಲಸಿಗೆ ದೇವರ ಕರಡಿಗೆ ಇಳ್ಸೋದಾ? ನಿಮಗೆ ನಾಚ್ಕೆ ಆಗಲ್ವಾ?"

"ಕರಡಿಗೆ ಹೊಲ್ಸಾಯ್ತದೆ. ಮನುಷ್ಯ ಇಳಿದ್ರೆ ಏನೂ ಆಗಲ್ವಾ?"

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಚಿಕ್ಕನಿಂಗಮ್ಮ ಮುಂದೆ ಬಂದಳು. ಅವಳ ಕೈಯಲ್ಲಿ ಕಾಲಿನಿಂದ ಕಳಚಿದ ಕಡಗವಿತ್ತು. ಇಡೀ ರಾತ್ರಿ ತಿಕ್ಕಿದ್ದಳೋ ಏನೋ, ಹೊಸದರಂತೆ ಹೊಳೆಯುತ್ತಿತ್ತು.

"ಮೇನೇಜರ್ರೆ, ನಂದಕ್ಕೆ ದೇವ್ರೂ ಇಲ್ಲ ದಿಂಡ್ರೂ ಇಲ್ಲ. ಇದನ್ನ ಇಳ್ಸಿ. ನಿಮ್ ಕೈಯಾರೆ ಇಳ್ಸಿ, ಮಸಿ ಅಂದೀರಿ ಆಮೇಲೆ."

ಇಷ್ಟು ಜನ ನೋಡುತ್ತಿರುವಾಗ ಅವನು ಒಲ್ಲೆನೆನ್ನುವಂತಿರಲಿಲ್ಲ. ತಾನೇ ಹುರಿ ಹಿಡಿದನು. ಗುಂಡಿಯ ಬಾಯಿಗೆ ಬಗ್ಗಿದವನು ಮೂಗಿಗೆ ಅಂಗವಸ್ತ್ರ ಒತ್ತಿಕೊಂಡು ಹಿಂದಕ್ಕೆ ಸರಿದನು.

"ಬಗ್ಗಿ ಮೇನೇಜರ್ರೆ," ಎಂದಳು ಚಿಕ್ಕನಿಂಗಮ್ಮ. "ನನ್ ಮಗ ಒಳಗೇ ನಿಂತ್ಕತಾನೆ. ನಿಮಗೆ ಬಗ್ಗೋಕೂ ಆಗಾಕಿಲ್ವಾ?"

ಕಡಗವೂ ಕಪ್ಪಾಗಿ ಮೇಲೆ ಬಂತು. ಚಿಕ್ಕಮಲ್ಲಪ್ಪನು ಆ ಕರಿಯ ಕಡಗವನ್ನು ನೆಲದ ಮೇಲಿಟ್ಟು, ಮಧ್ಯಾಹ್ನದವರೆಗೆ ಗುಂಡಿ ತೆರೆದಿರಲಿ ಎಂದು ಯಾರ ಮುಖವನ್ನೂ ನೋಡದೆ ಹೇಳಿ ಹೋದನು.

ಮೇಲಿನ ನೀರನ್ನು ಬಕೆಟ್ಟಿನಿಂದ ಸೇದಿ ಚೆಲ್ಲಿದರು. ಬಿಸಿಲೇರಿತು, ಗಾಳಿ ಬೀಸಿತು. ಶಾಂತಮಲ್ಲಪ್ಪ ಕದಲಲಿಲ್ಲ. ಗಳಿಗೆಗೊಮ್ಮೆ ಕರಡಿಗೆ ಇಳಿಸುವನು, ಎತ್ತುವನು, ಉಜ್ಜುವನು, ಮತ್ತೆ ಇಳಿಸುವನು. ಮಧ್ಯಾಹ್ನದ ಹೊತ್ತಿಗೆ ಅದು ಹೋದಂತೆಯೇ ಬೆಳ್ಳಗೆ ಮೇಲೆ ಬಂತು.

"ಆಯ್ತಲ್ಲ? ತೃಪ್ತಿಯಾಯ್ತಲ್ಲ?" ಎಂದನು ಮರಳಿ ಬಂದ ಮೇನೇಜರು. "ಇಳಿಯೋ ಮಾದು."

ಶಾಂತಮಲ್ಲಪ್ಪ ಎದ್ದು ಕರಡಿಗೆಯನ್ನು ಹುರಿಯಿಂದ ಬಿಚ್ಚಿ ಅದರ ಶಿವದಾರಕ್ಕೇ ಕಟ್ಟಿದನು. "ಬಾ ಕಣ್ಲಾ ಇಲ್ಲಿ," ಎಂದು ಕರೆದು ಪುಟ್ಟಮಾದುವಿನ ಕೊರಳಿಗೆ ಹಾಕಲು ಹೋದನು.

ಪುಟ್ಟಮಾದು ಬೆಂಕಿ ಕಂಡವನಂತೆ ಹಿಂದೆಗೆದನು. "ಬ್ಯಾಡಿ ಬುದ್ಧಿ! ನಾನು ತೊಡೋದಾ ಇದನ್ನ?"

"ಮಾವ!" ಚಿಕ್ಕಮಲ್ಲಪ್ಪನು ಒಂದು ಹೆಜ್ಜೆ ಮುಂದೆ ಬಂದನು, ಈಗ ಅವನು ನಿಜವಾಗಿಯೂ ಬೆದರಿದ್ದನು. "ಇದು ಅತಿಯಾಯ್ತು. ಮಠಕ್ಕೆ ಹೋಗಿ ಗುರುಗಳು ಮರಿಯಯ್ಯನೋರಿಗೆ ಯೋಳ್ತೀನಿ. ನಿಮ್ಮ ಮನೇಲಿ ಯಾರೂ ನೀರು ಮುಟ್ದಂಗೆ ಮಾಡ್ತೀನಿ."

"ಯೋಳು. ಇಲ್ಲಿಂದ್ಲೇ ಹೋಗು, ನಿಧಾನ ಮಾಡ್ಬೇಡ. ಹಂಗೇ ನನ್ ಮಗ ಯಾರನ್ನ ಎತ್ಕಂಡು ಸತ್ತ ಅನ್ನೋದ್ನೂ ಯೋಳು. ಕಂಕುಳಿಗೆ ಹಗ್ಗ ಬಿಗಿಯೋವಾಗ ಅವನು ಜಾತಿ ಕೇಳ್ಲಿಲ್ಲ. ಕರಡಿಗೆ ಅವಂದು. ನನಗ್ಯಾವ ಹಕ್ಕದೆ ಕೇಳೋಕೆ?"

ಅವನು ಪುಟ್ಟಮಾದುವಿನ ತಲೆಯನ್ನು ಬಗ್ಗಿಸಿ ಶಿವದಾರವನ್ನು ಕೊರಳಿಗೆ ಹಾಕಿದನು. ಹಾಕುವಾಗ ಬೆರಳುಗಳು ಒಮ್ಮೆ ಹಿಂದೆ ಸರಿದುವು. ಅರವತ್ತು ವರ್ಷದ ನಂಬಿಕೆ ಬೆರಳಿನಿಂದ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆದರೂ ಗಂಟನ್ನು ಎರಡು ಸಲ ಬಿಗಿದನು.

"ಒಂದೊಂದ್ ಮಂಕ್ರಿ ತುಂಬಿದ್ ಮೇಲೂ ಬೆಳಕಿಗೆ ಹಿಡ್ದು ನೋಡು. ನಾ ಮೇಲಿಂದ ಕೂಗ್ತೀನಿ. ಬಣ್ಣ ತಿರುಗ್ತಾ, ಯಾರ್ನೂ ಕೇಳ್ಬೇಡ, ಹತ್ತಿ ಬಾ."

ಪುಟ್ಟಮಾದು ಇಳಿದನು. ಮೂರು ಜನ ಹಗ್ಗ ಹಿಡಿದರು. ಮೊದಲನೆಯ ಮಂಕರಿ ಬಂತು. "ಎಂಗದ್ಲಾ?" "ಬೆಳ್ಳಗದೆ ಬುದ್ಧಿ." ಎರಡನೆಯದು ಬಂತು. "ಎಂಗದ್ಲಾ?" "ಬೆಳ್ಳಗದೆ." ಐದಾರು ಮಂಕರಿಯವರೆಗೆ ಹೀಗೇ ನಡೆಯಿತು. ಮೇಲಿನ ಪದರ ಮುಗಿದು ಸಲಿಕೆ ತಳದ ಗಟ್ಟಿ ಕೆಸರಿಗೆ ಹೊಕ್ಕಿತು. ಪ್ರತಿ ಸಲವೂ ಬಳಿಯದೆ ಬಿಟ್ಟು, ತಿಂಗಳುಗಟ್ಟಲೆ ಯಾರೂ ಕದಡದ ಕೆಸರು. ಗುಳುಗುಳು ಸದ್ದು ಮೇಲಕ್ಕೂ ಕೇಳಿಸಿತು.

"ಎಂಗದ್ಲಾ ಮಾದು?"

ಉತ್ತರ ಬರಲಿಲ್ಲ. ಶಾಂತಮಲ್ಲಪ್ಪ ಮೊಣಕಾಲೂರಿ ಗುಂಡಿಗೆ ಬಗ್ಗಿದನು. "ಮಾದೂ!"

ಏಣಿ ಅಲುಗಿತು. ಪುಟ್ಟಮಾದುವಿನ ತಲೆ ಮೇಲೆ ಬಂತು, ಆಮೇಲೆ ಭುಜ. ಅವನು ಅಂಗಳದ ಮಣ್ಣಿನ ಮೇಲೆ ಕುಳಿತು ಕೆಮ್ಮಿದನು. ಕೆಮ್ಮು ನಿಂತ ಮೇಲೆ ಕರಡಿಗೆಯನ್ನು ಎರಡು ಬೆರಳಿನಲ್ಲಿ ಎತ್ತಿ ತೋರಿಸಿದನು. ಒಂದು ಮಗ್ಗುಲು ಬಾಡಿದ ಎಲೆಯ ಬಣ್ಣಕ್ಕೆ ತಿರುಗಿತ್ತು, ಅಂಚು ಕಪ್ಪಾಗುತ್ತಿತ್ತು.

"ಗುಂಡಿ ಇನ್ನೂ ಅರ್ಧ ಹಂಗೇ ಅದಲ್ಲೋ!" ಎಂದನು ಮೇನೇಜರು. "ಒಂದ್ ಗಂಟೆ ಕೆಲ್ಸ. ಇಳಿದು ಮುಗ್ಸ್ಬುಡು."

ಪುಟ್ಟಮಾದು ಎದ್ದು ನಿಂತನು. ಜನ್ಮವಿಡೀ ಯಾರು ಏನು ಹೇಳಿದರೂ "ಆಗ್ಲಿ ಬುದ್ಧಿ" ಎಂದವನು. ಅವನ ತುಟಿ ಒಣಗಿತ್ತು.

"ಇಳಿಯಾಕಿಲ್ಲ."

"ಏನಂದೆ?"

"ಇಳಿಯಾಕಿಲ್ಲ ಅಂದೆ. ಇದು ತಿರುಗ್ಬುಟ್ಟದೆ. ಗಾಳಿ ಆಡ್ಲಿ, ನಾಳೆ ನೋಡನ."

"ನಾಳೆ ನಿನಗೆ ಕೆಲ್ಸ ಇದ್ರಲ್ಲವಾ ನೋಡೋದು!"

ಚಿಕ್ಕನಿಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಲ್ಲೇ ನೆಲದ ಮೇಲೆ ಕುಳಿತಳು. ಪಕ್ಕದ ತೊಟ್ಟಿಯ ಮೂಗಮ್ಮ ಬಂದು ಅವಳ ಮಗ್ಗುಲಿಗೆ ಕುಳಿತಳು. ಇನ್ನೊಬ್ಬಳು, ಮತ್ತೊಬ್ಬಳು. ಒಳಗೆ ತೊಟ್ಟಿಗಳಲ್ಲಿ ಗೂಡು ಬೇಯುತ್ತಿತ್ತು. ಎಳೆ ಹಿಡಿಯುವ ಒಂದು ಕೈಯೂ ಅಲ್ಲಿರಲಿಲ್ಲ. ಚಿಕ್ಕಮಲ್ಲಪ್ಪನು ಬಾಗಿಲ ಕಡೆ ನೋಡಿದನು, ಹೆಂಗಸರನ್ನು ನೋಡಿದನು, ಮುದುಕನನ್ನು ನೋಡಿದನು. ಮುದುಕ ಮತ್ತೆ ಏಣಿಯ ತಲೆಯ ಮೇಲೆ ಕಾಲಿಟ್ಟು ಕುಳಿತಿದ್ದನು.

"ತೆರ್ದೇ ಇರ್ಲಿ, ಬುಡಿ," ಎಂದನು ಕೊನೆಗೆ ಚಿಕ್ಕಮಲ್ಲಪ್ಪ. "ಇವತ್ತು ಯಾರೂ ಇಳೀಬ್ಯಾಡಿ. ಏಳ್ರಮ್ಮಾ, ಗೂಡು ಹಾಳಾಯ್ತವೆ."

"ನಾಳೆ?" ಎಂದಳು ಚಿಕ್ಕನಿಂಗಮ್ಮ, ಏಳದೆ.

"ನಾಳೇನೂ ಇದನ್ನ ನೋಡೇ ಇಳೀಲಿ. ಆಯ್ತಾ?"

ಆಗ ಹೆಂಗಸರು ಎದ್ದರು. ಪುಟ್ಟಮಾದು ಕೊರಳಿನಿಂದ ಶಿವದಾರವನ್ನು ತೆಗೆದು, ಎರಡು ಕೈಯಲ್ಲಿ ಹಿಡಿದು ಶಾಂತಮಲ್ಲಪ್ಪನ ಮುಂದೆ ಚಾಚಿದನು. ಮುದುಕ ಅದನ್ನು ನೋಡಿದನು. ಕೈ ಮುಂದೆ ಮಾಡಲಿಲ್ಲ.

"ನಿನ್ ತಾವೇ ಇರ್ಲಿ. ನಾಳೆ ಬೆಳಿಗ್ಗೆ ಮೊದ್ಲ ಬಸ್ಸಿಗೆ ಬತ್ತೀನಿ. ನಾ ಬರೋಕ್ ಮೊದ್ಲು ಇಳಿದೆ ಅಂದ್ರೆ ಕಾಲ್ ಮುರೀತೀನಿ ಕಣ್ಲಾ."

"ನೀವ್ಯಾಕ್ ಕಷ್ಟ ಪಡ್ತೀರಿ ಬುದ್ಧಿ," ಎಂದಳು ಒಳಗೆ ಹೋಗುತ್ತಿದ್ದ ಚಿಕ್ಕನಿಂಗಮ್ಮ, ತಿರುಗಿ ನಿಂತು. "ಅಷ್ಟರೊಳಗೆ ನಾನೇ ಮುರ್ದಿರ್ತೀನಿ."